ಲವ್ ಆಲ್ ಅಂದರೆ ಏನು, ಮೇಷ್ಟ್ರೇ?

ಈ ಸಭೆಯ ಅಧ್ಯಕ್ಷರೂ ನಮ್ಮ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯೂ ಆದ ಶ್ರೀಮತಿ ಬಸವಲಿಂಗಮ್ಮನವರೇ, ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳಿಂದ ಬಂದಿರುವ ದೈಹಿಕ ಶಿಕ್ಷಕ ಮಿತ್ರರೇ, ಇಂದು ಸನ್ಮಾನ ಸ್ವೀಕರಿಸಲಿರುವ ನನ್ನ ವಿದ್ಯಾರ್ಥಿನಿ ಶಮಾ ಅವರೇ, ಮೂರನೆಯ ಸಾಲಿನಲ್ಲಿ ಕೂತಿರುವ ಅವರ ತಂದೆ ಮೌಲಾ ಸಾಬರೇ, ತಾಯಿ ಖುರ್ಷೀದ್ ಬೇಗಂ ಅವರೇ, ಬೆಳಗಿನಿಂದ ಹೊರಗೆ ಸುಣ್ಣದ ಗೆರೆ ಎಳೆದು ಈ ಭಾಷಣ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಮಕ್ಕಳೇ, ಹಾಗೂ ಸಭಿಕರೇ,

ಆಮಂತ್ರಣ ಪತ್ರಿಕೆಯಲ್ಲಿ ನನಗೆ ಕೊಟ್ಟಿರುವ ವಿಷಯ ಹೀಗಿದೆ: ‘ಇಂಗ್ಲಿಷ್ ಕಲಿಯುವವರಿಗೆ ಆಟಗಳಿಂದಾಗುವ ಲಾಭ, ಅಪಾಯ ಮತ್ತು ಪದಸಂಪತ್ತು.’ ಸಮಯ ಹತ್ತು ನಿಮಿಷ. ನಾನು ಇದೇ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪಾಠ ಹೇಳಿದವನು. ಬೆಲ್ ಹೊಡೆದ ಮೇಲೂ ಐದು ನಿಮಿಷ ಮುಂದುವರಿಸುವ ಕೆಟ್ಟ ಅಭ್ಯಾಸ ನನಗಿದೆ ಎಂಬುದಕ್ಕೆ ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಸಾಕ್ಷಿ. ಆದ್ದರಿಂದ ಮುಂಚಿತವಾಗಿಯೇ ಕ್ಷಮೆ ಕೇಳಿಬಿಡುತ್ತೇನೆ.

ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಇನ್ನೊಂದು ಸಾಲಿದೆ. ‘ಶ್ರೀ ಶಾಂತವೀರಪ್ಪ, ನಿವೃತ್ತ ಶಿಕ್ಷಕರು, ಶಮಾ ಅವರ ಪ್ರತಿಭೆಯನ್ನು ಮೊದಲು ಗುರುತಿಸಿ ಬೆಳೆಸಿದ ಗುರುಗಳು.’ ಈ ಸಾಲನ್ನು ಮನೆಯಲ್ಲಿ ಮೂರು ಸಲ ಓದಿದೆ. ಮೊದಲ ಸಲ ಸಂತೋಷವಾಯಿತು. ಎರಡನೆಯ ಸಲ ಮುಜುಗರವಾಯಿತು. ಮೂರನೆಯ ಸಲ ಓದಿದ ಮೇಲೆ ನಿನ್ನೆ ಮಧ್ಯಾಹ್ನದ ಊಟ ಸೇರಲಿಲ್ಲ. ಆ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲಾಭ. ಇಂಗ್ಲಿಷ್ ಕಲಿಯುವ ಮಗುವಿಗೆ ಆಟದಿಂದ ಲಾಭವೇನು? ಈ ಪ್ರಶ್ನೆಗೆ ಉತ್ತರವನ್ನು ನಾನು ಪುಸ್ತಕದಲ್ಲಿ ಓದಿದವನಲ್ಲ, ಕಣ್ಣಾರೆ ಕಂಡವನು. ತೊಂಬತ್ತಮೂರನೆಯ ಇಸವಿ, ಒಂಬತ್ತನೆಯ ತರಗತಿ. ಉರ್ದು ಶಾಲೆಯಿಂದ ಬಂದ ಒಂದು ಹುಡುಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ತಂದೆ ಚಿತ್ರದುರ್ಗ ರಸ್ತೆಯಲ್ಲಿ ಪಂಪ್‌ಸೆಟ್, ಜನರೇಟರ್ ರಿಪೇರಿ ಮಾಡುವವರು. ನಾನು ‘ವಾಟ್ ಈಸ್ ಯುವರ್ ನೇಮ್’ ಎಂದರೆ ಎದ್ದು ನಿಲ್ಲುತ್ತಿದ್ದಳು, ನಿಂತೇ ಇರುತ್ತಿದ್ದಳು. ತುಟಿ ಎರಡಾಗುತ್ತಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಹನ್ನೊಂದು ಅಂಕ. ಸ್ಟಾಫ್ ರೂಮಿನಲ್ಲಿ ನಾನು ಎಲ್ಲರೆದುರು ಹೇಳಿದ್ದೆ, ‘ಈ ಹುಡುಗಿಗೆ ಇಂಗ್ಲಿಷ್ ಈ ಜನ್ಮಕ್ಕೆ ಬರೋದಿಲ್ಲ’ ಅಂತ. ಪ್ರತಿಭೆಯನ್ನು ನಾನು ಮೊದಲು ಗುರುತಿಸಿದ್ದು ಹೀಗೆ.

ಆಗ ನಮ್ಮಲ್ಲಿ ಮಾರುತಿ ಎಂಬ ಪಿ.ಟಿ. ಮೇಷ್ಟ್ರಿದ್ದರು. ಅವರ ಹುಡುಗಿಯರ ತಂಡ ಬಾಲ್ ಬ್ಯಾಡ್ಮಿಂಟನ್ ಆಡುತ್ತಿತ್ತು. ಶಮಾ ಆ ತಂಡದಲ್ಲಿದ್ದಳು. ಒಂದು ದಿನ ಕಾಲು ಉಳುಕಿಸಿಕೊಂಡಳು. ಮನೆಗೆ ಹೋಗು ಎಂದರೆ ಹೋಗಲಿಲ್ಲವಂತೆ. ಮಾರುತಿಯವರು, ‘ಸುಮ್ನೆ ಕೂತ್ಕಂಡು ಏನ್ಮಾಡ್ತೀಯಾ, ಬಾರವ್ವ ಇಲ್ಲಿ’ ಎಂದು ಅವಳನ್ನು ಎತ್ತರದ ಅಂಪೈರ್ ಕುರ್ಚಿಗೆ ಹತ್ತಿಸಿ ಕೈಗೆ ಸ್ಕೋರ್ ಹಾಳೆ ಕೊಟ್ಟರು.

ನಾನು ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ಕಾಂಪೋಜಿಷನ್ ತಿದ್ದುತ್ತಿದ್ದೆ. ಇದ್ದಕ್ಕಿದ್ದಂತೆ ಮೈದಾನದಿಂದ ಒಂದು ದನಿ ಕೇಳಿತು. ‘ಲವ್ ಆಲ್, ಪ್ಲೇ.’ ಸಭಿಕರೇ, ನಾನು ಪೆನ್ನು ಕೆಳಗಿಟ್ಟೆ. ಆ ದನಿಯಲ್ಲಿ ಅಳುಕಿರಲಿಲ್ಲ. ಹತ್ತು ಹುಡುಗಿಯರು ಮೊಣಕಾಲು ಬಾಗಿಸಿ, ಬ್ಯಾಟು ಮುಂದೆ ಹಿಡಿದು ಒಟ್ಟಿಗೆ ಸಿದ್ಧರಾದರು. ಹಳದಿ ಉಲ್ಲನ್ ಚೆಂಡು ಗಾಳಿಗೆ ಎದ್ದಿತು. ‘ಫಾಲ್ಟ್. ಒನ್ ಲವ್. ಸೆಕೆಂಡ್ ಹ್ಯಾಂಡ್. ಸರ್ವಿಸ್ ಓವರ್.’ ಅಷ್ಟು ವರ್ಷದ ನನ್ನ ಸರ್ವಿಸಿನಲ್ಲಿ ನಾನು ಹೇಳಿದ ಇಂಗ್ಲಿಷಿಗೆ ಹತ್ತು ಜನ ಒಟ್ಟಿಗೆ ಕದಲಿದ್ದನ್ನು ಕಂಡವನಲ್ಲ. ತನ್ನ ಹೆಸರು ಹೇಳಲಾರದ ಹುಡುಗಿ ಕುರ್ಚಿಯ ಮೇಲೆ ಕೂತು ಇಂಗ್ಲಿಷಿನಲ್ಲಿ ಆಜ್ಞೆ ಮಾಡುತ್ತಿದ್ದಳು, ಜನ ಕೇಳುತ್ತಿದ್ದರು. ನನ್ನ ಮೈ ಜುಮ್ಮೆಂದಿತು. ಇವತ್ತು ನೆನೆಸಿಕೊಂಡರೂ ಹಾಗೇ ಆಗುತ್ತದೆ. ಲಾಭ ಎಂದರೆ ಅದು. ಅದಕ್ಕಿಂತ ಹೆಚ್ಚಿನದನ್ನು ನಾನು ಹೇಳಲಾರೆ.

ಇನ್ನು ಪದಸಂಪತ್ತು. ಇಲ್ಲಿ ಒಂದು ತಮಾಷೆ ಹೇಳುತ್ತೇನೆ. ಆ ವರ್ಷ ಮೊಳಕಾಲ್ಮೂರಿನ ಹುಡುಗಿಯರ ತಂಡ ನಮ್ಮಲ್ಲಿಗೆ ಆಡಲು ಬಂದಿತ್ತು. ನಾಯಕಿ ಗೀತಮ್ಮ, ಸ್ವಲ್ಪ ಮೈಕೈ ತುಂಬಿಕೊಂಡ ಹುಡುಗಿ, ಮನೆಯಲ್ಲಿ ತೆಲುಗು ಮಾತು. ಶಮಾ ‘ಲವ್ ಆಲ್’ ಎಂದಳು. ಗೀತಮ್ಮ ಬ್ಯಾಟು ಕೆಳಗಿಟ್ಟು ಸೀದಾ ಕುರ್ಚಿಯ ಹತ್ತಿರ ಬಂದಳು. ‘ಯಾರ್ನೇ ಲಾವು ಅಂತೀಯಾ? ನಮ್ಮನ್ನೆಲ್ಲಾ ದಪ್ಪ ಅಂತ ಮೇಲೆ ಕೂತ್ಕಂಡು ಕೂಗ್ತೀಯಾ? ನೀನೇನು ಭಾರೀ ಸಣ್ಣ ಇದೀಯಾ?’ ತೆಲುಗಿನಲ್ಲಿ ಲಾವು ಎಂದರೆ ದಪ್ಪ ಎಂದು ನಮಗೆ ತಿಳಿಯುವ ಹೊತ್ತಿಗೆ ಕಾಲು ಗಂಟೆ ಕಳೆದಿತ್ತು. ಗೀತಮ್ಮ ಈಗ ಬಿ.ಜಿ. ಕೆರೆಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಇಂದು ಸಭೆಗೆ ಬಂದಿದ್ದಾರೆ, ನಗುತ್ತಿದ್ದಾರೆ. ನಗಲಿ. ಅವರ ತಪ್ಪಿನಿಂದ ಹೋದದ್ದು ಕಾಲು ಗಂಟೆ ಮಾತ್ರ.

ಅಪಾಯಕ್ಕೆ ಬರುತ್ತೇನೆ. ಆಟದಲ್ಲಿ ಅಪಾಯ ಯಾವುದು? ಕಾಲು ಉಳುಕುವುದೇ? ಹಲ್ಲು ಮುರಿಯುವುದೇ? ಅಲ್ಲ, ಸಭಿಕರೇ. ಇಂಗ್ಲಿಷ್ ಕಲಿಯುವವರಿಗೆ ದೊಡ್ಡ ಅಪಾಯ ಇಂಗ್ಲಿಷ್ ಬರುತ್ತದೆ ಎಂದುಕೊಂಡಿರುವವನಿಂದ.

ಗೀತಮ್ಮನ ಜಗಳದ ಸುದ್ದಿ ಊರಲ್ಲಿ ಹರಡಿತು. ಹರಡುತ್ತ ಹರಡುತ್ತ ದಪ್ಪದ ಮಾತು ಉದುರಿಹೋಗಿ ಲವ್ ಒಂದೇ ಉಳಿಯಿತು. ಯಾರೋ ಮೌಲಾ ಸಾಬರ ಗ್ಯಾರೇಜಿಗೆ ಹೋಗಿ, ‘ನಿಮ್ಮ ಹುಡುಗಿ ಮೈದಾನದಾಗೆ ಎತ್ತರಕ್ಕೆ ಕೂತ್ಕಂಡು ಲವ್ ಲವ್ ಅಂತ ಕೂಗ್ತೈತೆ’ ಎಂದರು. ಮೌಲಾ ಸಾಬರು ಮಗಳ ಮೇಲೆ ರೇಗಲಿಲ್ಲ. ಹೇಳಿದವನ ಮೇಲೂ ರೇಗಲಿಲ್ಲ. ಕೈಯ ಗ್ರೀಸು ಒರೆಸಿಕೊಂಡು ಸೀದಾ ನನ್ನ ಹತ್ತಿರ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

‘ಮೇಷ್ಟ್ರೇ, ನಾನು ಓದಿದೋನಲ್ಲ. ಜನ ಏನೇನೋ ಅಂತಾರೆ. ಇಂಗ್ಲಿಷ್ ಮೇಷ್ಟ್ರು ನೀವು, ನೀವು ಹೇಳಿದ್ದೇ ನಂಗೆ ಸರಿ. ಲವ್ ಆಲ್ ಅಂದ್ರೆ ಏನು?’

ಅಷ್ಟು ದೊಡ್ಡ ನಂಬಿಕೆಯನ್ನು ಯಾರೂ ನನ್ನ ಮೇಲೆ ಇಟ್ಟಿರಲಿಲ್ಲ. ನಾನು ಎಂ.ಎ. ಪದವೀಧರ. ಆದರೆ ಬ್ಯಾಟು ಹಿಡಿದವನಲ್ಲ. ಆಟದಲ್ಲಿ ಆ ಮಾತಿಗೆ ಬೇರೆ ಅರ್ಥವಿದೆಯೇ ಎಂಬ ಅನುಮಾನ ನನಗೆ ಬಂದಿತ್ತು. ಬಂದಿತ್ತು ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ. ಮಾರುತಿಯವರು ಪಕ್ಕದ ಕೋಣೆಯಲ್ಲೇ ಚೆಂಡಿಗೆ ದಾರ ಹೊಲಿಯುತ್ತಿದ್ದರು. ಎದ್ದು ಹೋಗಿ ಕೇಳಿದ್ದರೆ ಆಗುತ್ತಿತ್ತು. ಒಬ್ಬ ಪಿ.ಟಿ. ಮೇಷ್ಟ್ರನ್ನು ಇಂಗ್ಲಿಷ್ ಪದದ ಅರ್ಥ ಕೇಳುವುದೇ ಎಂದು ನನ್ನ ಹಮ್ಮು ಅಡ್ಡ ಬಂತು. ಕುರ್ಚಿಯಲ್ಲಿ ನೆಟ್ಟಗೆ ಕೂತು ವ್ಯಾಕರಣ ಬಿಡಿಸಿದೆ. ‘ಲವ್ ಅನ್ನುವುದು ಕ್ರಿಯಾಪದ. ಆಲ್ ಅಂದರೆ ಎಲ್ಲರನ್ನೂ. ಇದು ಆಜ್ಞಾರ್ಥಕ ವಾಕ್ಯ. ಎಲ್ಲರನ್ನೂ ಪ್ರೀತಿಸಿರಿ ಎಂದು ಅರ್ಥ.’

ಮೌಲಾ ಸಾಬರು, ‘ಅಲ್ಲಿ ಗಂಡುಹುಡುಗ್ರೂ ನಿಂತಿರ್ತಾರಲ್ಲ ಸಾರ್’ ಎಂದರು. ನಾನು ಕಾಂಪೋಜಿಷನ್ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಮರುದಿನ ಹಾಜರಿ ಕರೆದೆ. ಶಮಾ ಎಂದಾಗ ಕೊನೆಯ ಬೆಂಚಿನಿಂದ ಉತ್ತರವಿರಲಿಲ್ಲ. ಅದರ ಮರುದಿನವೂ ಇಲ್ಲ. ಹನ್ನೊಂದು ದಿನ ಆ ಹೆಸರಿನ ಮುಂದೆ ನನ್ನ ಕೈಯಿಂದಲೇ ಗೈರು ಹಾಕಿದೆ.

ಹನ್ನೆರಡನೆಯ ದಿನ ತಂದೆ ಮಗಳು ಇಬ್ಬರೂ ಬಂದರು. ಮೌಲಾ ಸಾಬರ ಕೈಯಲ್ಲಿ ಆಟದ ನಿಯಮಗಳ ಒಂದು ಸಣ್ಣ ಇಂಗ್ಲಿಷ್ ಪುಸ್ತಕವಿತ್ತು. ಮಾರುತಿಯವರು ಕಳಿಸಿಕೊಟ್ಟದ್ದು. ಪುಟಪುಟದ ಅಂಚಿನಲ್ಲೂ ಪೆನ್ಸಿಲಿನಲ್ಲಿ ಉರ್ದು ಅಕ್ಷರ, ಮಧ್ಯೆ ಮಧ್ಯೆ ಕನ್ನಡ. ಹನ್ನೊಂದು ಅಂಕದ ಹುಡುಗಿ ಆ ಹನ್ನೊಂದು ದಿನ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಕೂತು, ಡಿಕ್ಷನರಿ ಇಟ್ಟುಕೊಂಡು, ಇಡೀ ಪುಸ್ತಕವನ್ನು ಒಂದೊಂದೇ ಪದ ಹಿಡಿದು ಓದಿದ್ದಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ. ಎಂ.ಎ. ಮಾಡುವಾಗಲೂ ನಾನು ಯಾವ ಪುಸ್ತಕವನ್ನೂ ಹಾಗೆ ಓದಲಿಲ್ಲ.

‘ಮೇಷ್ಟ್ರೇ, ಲವ್ ಅಂದ್ರೆ ಸೊನ್ನೆ ಅಂತಾಳೆ ನಮ್ಮ ಹುಡುಗಿ. ಇಬ್ರಿಗೂ ಸೊನ್ನೆ ಐತೆ, ಆಟ ಶುರು ಮಾಡ್ರಿ ಅಂತ ಅರ್ಥವಂತೆ. ಪುಸ್ತಕದಾಗೇ ಬರ್ದೈತಂತೆ. ನೀವು ಪ್ರೀತಿ ಅಂದ್ರಿ. ಇಬ್ರಲ್ಲಿ ಯಾರು ಹೇಳಿದ್ದು ಸರಿ?’

ಪುಸ್ತಕ ತೆರೆದು ಆ ಸಾಲನ್ನು ಓದಿದೆ. ಸ್ಪಷ್ಟವಾಗಿತ್ತು. ಲವ್ ಎಂದರೆ ಅಂಕವಿಲ್ಲ, ಸೊನ್ನೆ. ಬಾಗಿಲಲ್ಲಿ ನನ್ನ ಇಬ್ಬರು ಸಹೋದ್ಯೋಗಿಗಳು ನಿಂತಿದ್ದರು. ಶಮಾ ನನ್ನ ಮುಖವನ್ನೇ ನೋಡುತ್ತಿದ್ದಳು. ‘ನಿಮ್ಮ ಮಗಳು ಸರಿ, ನಾನು ತಪ್ಪು.’ ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಏನೆಂದೆ ಗೊತ್ತೇ? ಗಂಟಲು ಸರಿಮಾಡಿಕೊಂಡು, ‘ಎರಡೂ ಸರಿ’ ಎಂದೆ.

ಮೌಲಾ ಸಾಬರು ಮಗಳ ಕಡೆ ತಿರುಗಿದರು. ‘ಹೌದೇನಮ್ಮಾ?’ ಅವಳು ತಲೆ ತಗ್ಗಿಸಿದಳು. ‘ಹೂಂ ಅಬ್ಬಾ, ಸಾರ್ ಹೇಳಿದ್ಮೇಲೆ ಅದೂ ಸರಿ ಇರ್ತೈತೆ.’ ಹದಿನಾಲ್ಕು ವರ್ಷದ ಹುಡುಗಿ ನನ್ನ ಮರ್ಯಾದೆ ಉಳಿಸಿದಳು. ಉಳಿಸಿ ತಾನು ಕುರ್ಚಿ ಕಳೆದುಕೊಂಡಳು. ಮೌಲಾ ಸಾಬರು, ‘ಎರಡೂ ಸರಿ ಅಂದ್ರೆ ಆ ಅರ್ಥವೂ ಉಳೀತಲ್ಲ ಮೇಷ್ಟ್ರೇ. ಓದಕ್ಕೆ ಕಳಿಸ್ತೀನಿ. ಆ ಆಟ, ಆ ಕುರ್ಚಿ ಮಾತ್ರ ಬೇಡ’ ಎಂದರು. ಅವರ ತರ್ಕದಲ್ಲಿ ಏನು ತಪ್ಪಿದೆ?

ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ದಿನಗಳೂ ಸೇರಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಶಮಾ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಳು, ನೆಟ್ ಕಟ್ಟಿದಳು, ಆಮೇಲೆ ಗೋಡೆಯ ಪಕ್ಕ ನಿಂತು ನೋಡಿದಳು. ಬಾಯಿ ಬಿಡಲಿಲ್ಲ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎಪ್ಪತ್ತೆರಡು ಅಂಕ ಬಂದಾಗ ಊರವರು ನನ್ನನ್ನು ಹೊಗಳಿದರು. ಆ ಹೊಗಳಿಕೆಯನ್ನು ನಾನು ತೆಗೆದುಕೊಂಡೆ.

ಅವಳನ್ನು ಮತ್ತೆ ಕುರ್ಚಿಗೆ ಹತ್ತಿಸಿದ್ದು ಯಾರು? ಮೌಲಾ ಸಾಬರೇ. ತೊಂಬತ್ತಾರರಲ್ಲಿ ನಾಯಕನಹಟ್ಟಿಯಲ್ಲಿ ಗಂಡಸರ ಪಂದ್ಯಾವಳಿ. ಮೈಕಿನ ಜನರೇಟರ್ ಕೆಟ್ಟಿತೆಂದು ಇವರನ್ನು ಕರೆಸಿದ್ದರು. ರಿಪೇರಿ ಮುಗಿಸಿ ಏಳುವಾಗ ಕುರ್ಚಿಯ ಮೇಲಿದ್ದ ಒಬ್ಬ ಬಿಳಿ ಮೀಸೆಯ ಅಂಪೈರು ಹತ್ತು ಜನ ಕರಿ ಮೀಸೆಯವರನ್ನು ನೋಡಿ ಗಂಭೀರವಾಗಿ ‘ಲವ್ ಆಲ್’ ಎಂದರಂತೆ. ಯಾರೂ ನಗಲಿಲ್ಲ, ಯಾರೂ ನಾಚಲಿಲ್ಲ. ಮೌಲಾ ಸಾಬರು ಪೂರ್ತಿ ಒಂದು ಆಟ ನಿಂತು ನೋಡಿದರಂತೆ. ಮನೆಗೆ ಬಂದು ಮಗಳಿಗೆ ಹೇಳಿದರಂತೆ, ‘ನಾಳೆಯಿಂದ ಹೋಗಮ್ಮಾ. ಅದು ಸೊನ್ನೇನೇ.’ ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಇದನ್ನೆಲ್ಲ ನನಗೆ ಹೇಳಿದವರು ಖುರ್ಷೀದ್ ಬೇಗಂ, ಸಂತೆಯಲ್ಲಿ ಸಿಕ್ಕಾಗ, ನಾನು ಕೇಳದೆಯೇ. ನಾನು ತಪ್ಪು ಹೇಳಿದ್ದು ಆ ಮನೆಯವರಿಗೆಲ್ಲ ಗೊತ್ತಿತ್ತು. ಅಂದಿನಿಂದ ಇಂದಿನವರೆಗೆ ರಂಜಾನ್ ಹಬ್ಬದ ದಿನ ನನ್ನ ಮನೆಗೆ ಶೀರ್ ಕುರ್ಮಾ ಪಾಯಸ ಬರುವುದು ತಪ್ಪಿಲ್ಲ. ಎಂಥ ಜನ ಇವರು ಎಂದು ಪ್ರತಿ ವರ್ಷ ಬೆರಗಾಗುತ್ತೇನೆ, ಪ್ರತಿ ವರ್ಷ ಕುಡಿಯುತ್ತೇನೆ, ಸುಮ್ಮನಿರುತ್ತೇನೆ.

ಶಮಾ ಇಂದು ಮೊಳಕಾಲ್ಮೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಪಿ.ಟಿ. ಶಿಕ್ಷಕಿ. ಬರುವ ತಿಂಗಳು ರಾಷ್ಟ್ರಮಟ್ಟದ ಪಂದ್ಯಾವಳಿಗೆ ಅಂಪೈರ್ ಆಗಿ ಹೋಗುತ್ತಿದ್ದಾರೆ. ಅವರ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರ ಹುದ್ದೆ ಖಾಲಿ ಇರುವುದರಿಂದ ಇಂಗ್ಲಿಷನ್ನೂ ಅವರೇ ಹೇಳುತ್ತಾರೆ, ಮೈದಾನದಲ್ಲಿ. ಹೋದ ತಿಂಗಳು ನಾನು ಅಲ್ಲಿಗೆ ಹೋಗಿದ್ದೆ. ಒಂದು ಮಗು ತಪ್ಪು ವಾಕ್ಯ ಹೇಳಿತು. ಶಮಾ ‘ಫಾಲ್ಟ್’ ಎಂದರು. ಮಗು ನಕ್ಕು ಮತ್ತೆ ಹೇಳಿತು, ಸರಿಯಾಗಿ. ನನ್ನ ತರಗತಿಯಲ್ಲಿ ಫಾಲ್ಟ್ ಎಂದರೆ ಬೆತ್ತ, ಬೆಂಚಿನ ಮೇಲೆ ನಿಲ್ಲುವುದು, ಅಳು. ಅವರಲ್ಲಿ ಫಾಲ್ಟ್ ಎಂದರೆ ಒಂದು ಪಾಯಿಂಟ್ ಹೋಯಿತು, ಆಟ ಮುಂದುವರಿಯಲಿ ಎಂದಷ್ಟೇ. ಈ ಪದದ ಅರ್ಥ ನನಗೆ ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ.

ಮೌಲಾ ಸಾಬರೇ, ತೊಂಬತ್ತಮೂರರಲ್ಲಿ ನೀವು ನನ್ನನ್ನು ಒಂದು ಪ್ರಶ್ನೆ ಕೇಳಿದ್ದಿರಿ. ಇಬ್ಬರಲ್ಲಿ ಯಾರು ಸರಿ ಎಂದು. ಹನ್ನೊಂದು ವರ್ಷ ದಾಟಿದೆ. ಉತ್ತರ ಇವತ್ತು ಹೇಳುತ್ತಿದ್ದೇನೆ, ಮೈಕಿನಲ್ಲಿ, ಎಲ್ಲರೆದುರು. ನಿಮ್ಮ ಮಗಳು ಸರಿ. ನಾನು ತಪ್ಪು. ಫಾಲ್ಟ್ ನನ್ನದು. ಪತ್ರಿಕೆಯಲ್ಲಿನ ನನ್ನ ಹೆಸರಿನ ಕೆಳಗಿನ ಸಾಲನ್ನು ದಯವಿಟ್ಟು ಎಲ್ಲರೂ ಹೊಡೆದುಹಾಕಿ, ಅಲ್ಲಿ ಮಾರುತಿ ಮೇಷ್ಟ್ರ ಹೆಸರನ್ನೂ ಮೌಲಾ ಸಾಬರ ಹೆಸರನ್ನೂ ಬರೆದುಕೊಳ್ಳಿ.

ಶಮಾ ಅವರಿಗೆ ಈ ಶಾಲನ್ನು ನನ್ನ ಕೈಯಿಂದ ಹೊದಿಸಬೇಕೆಂದು ಕಾರ್ಯಕ್ರಮದಲ್ಲಿದೆ. ಅದನ್ನು ಅವರ ತಂದೆಯೇ ಹೊದಿಸಲಿ. ನಾನು ಕೆಳಗಿಳಿದು ಮಕ್ಕಳ ಜೊತೆ ಕೂರುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ಇಷ್ಟು ವರ್ಷ ತಾಳ್ಮೆಯಿಂದ ಸುಮ್ಮನಿದ್ದ ಆ ಮನೆಯವರಿಗೆ, ನನ್ನ ಕೃತಜ್ಞತೆಗಳು. ಹೊರಗೆ ಗೆರೆ ಎಳೆದಾಗಿದೆ, ಕುರ್ಚಿ ಖಾಲಿ ಇದೆ. ಅಂಪೈರ್ ಮೇಡಂ, ದಯವಿಟ್ಟು ಹತ್ತಿ ಕೂತು ಆ ಮಾತನ್ನು ಒಮ್ಮೆ ಹೇಳಿ. ನನ್ನ ಕಡೆ ಸೊನ್ನೆ ಇದೆ. ಅದರ ಅರ್ಥ ಈಗ ನನಗೆ ಗೊತ್ತು.

ನಮಸ್ಕಾರ.