ಎರಡನೇ ದರ್ಜೆಗೆ ಇಳಿಸಿದ ಅಲಾರಂ

ವೇದಿಕೆಯಲ್ಲಿರುವ ಮ್ಯಾನೇಜರ್ ಅವರಿಗೆ, ತಪಾಸಣಾ ವಿಭಾಗದ ಹಿರಿಯರಿಗೆ, ಮುಂದಿನ ಸಾಲಿನಲ್ಲಿ ಮಕ್ಕಳೊಂದಿಗೆ ಕುಳಿತಿರುವ, ನಮ್ಮ ಸಾರ್ ಅವರ ಹೆಂಡತಿ, ಅಕ್ಕನಿಗೆ ನಮಸ್ಕಾರ. ನಾನು ಕಾಲೇಜಿನ ಮೊದಲ ವರ್ಷದವಳು, ಈ ಇನ್ಶೂರೆನ್ಸ್ ಆಫೀಸಿನಲ್ಲಿ ಟ್ರೇನಿ. ಇವತ್ತು ಯಾರಿಗೆ ಶ್ರದ್ಧಾಂಜಲಿ ಸಲ್ಲಿಸುತ್ತಿದ್ದೇವೋ ಆ ಸಾರ್ ಜೊತೆ ಪೆಟ್ರೋಲ್ ಟ್ಯಾಂಕುಗಳ ತಪಾಸಣೆಗೆ ಹೋಗುತ್ತಿದ್ದೆ. ಎರಡು ಒಳ್ಳೆಯ ಮಾತು ಹೇಳಿ ಇಳಿ ಎಂದಿದ್ದಾರೆ. ನನ್ನದು ಹಾಸ್ಟೆಲ್ ಕನ್ನಡ, ನಡುವೆ ಇಂಗ್ಲಿಷ್ ನುಸುಳುತ್ತದೆ. ಇರಲಿ, ಹೇಳುತ್ತೇನೆ.

ಸಾರ್‌ಗೆ ಆಫೀಸಿನಲ್ಲಿ ಒಂದು ಅಡ್ಡಹೆಸರಿತ್ತು. ಕೊಕ್ಕೆ ಸಾರ್. ಯಾವ ಪೆಟ್ರೋಲ್ ಡಿಪೋಗೆ ಹೋದರೂ ಏನಾದರೊಂದು ಕೊಕ್ಕೆ ಹಾಕಿಯೇ ಬರುತ್ತಾರೆ ಎಂದು. ಇಲ್ಲಿ ಕೂತವರಲ್ಲಿ ಅರ್ಧ ಜನ ಹಾಗೆ ಕರೆದು ನಕ್ಕವರೇ. ಈಗ ಫೋಟೋ ಮುಂದೆ ಹೂವಿಟ್ಟಿದ್ದೀರಿ.

ಅಕ್ಕನಿಗೆ ನಮ್ಮ ಕೆಲಸ ಗೊತ್ತಿಲ್ಲದಿರಬಹುದು. ಟ್ಯಾಂಕಿನಲ್ಲಿ ಕಂಡ ಪ್ರತಿ ದೋಷಕ್ಕೂ ನಾವು ಒಂದು ದರ್ಜೆ ಕೊಡಬೇಕು. ಬಣ್ಣ ಹೋಗಿದೆ, ಬೋರ್ಡ್ ಮಾಸಿದೆ — ಮೂರನೇ ದರ್ಜೆ, ಬಿಡುವಾದಾಗ ಸರಿಮಾಡಿ. ಹೊರಮೈ ತುಕ್ಕು ಹಿಡಿದಿದೆ — ಎರಡನೇ ದರ್ಜೆ, ಗಡುವಿನೊಳಗೆ ಸರಿಮಾಡಿ, ಅಲ್ಲಿಯವರೆಗೆ ಕೆಲಸ ನಡೆಯಲಿ. ಒಂದನೇ ದರ್ಜೆ ಎಂದರೆ, ನಿಲ್ಲಿಸಿ. ಸರಿಯಾಗುವವರೆಗೆ ಒಂದು ಹನಿಯೂ ತುಂಬುವಂತಿಲ್ಲ, ತುಂಬಿದರೆ ವಿಮೆ ಇಲ್ಲ.

ಎರಡಕ್ಕೂ ಒಂದಕ್ಕೂ ಇರುವ ವ್ಯತ್ಯಾಸ ನನಗೆ ತಲೆಗೆ ಹತ್ತುತ್ತಿರಲಿಲ್ಲ. ಟ್ಯಾಂಕಿನ ಏಣಿಯ ಮೇಲೆ ನಾನು ಕಂಬಿ ಬಿಡದೆ ನಿಂತಿದ್ದಾಗ ಸಾರ್ ಹೇಳಿದ್ದರು: “ದೋಷ ಎಷ್ಟು ದೊಡ್ಡದು ಅಂತ ನೋಡಬೇಡಮ್ಮ. ಅದು ಕೈಕೊಟ್ರೆ ತಡೆಯೋಕೆ ಇನ್ನೇನು ಉಳಿದಿದೆ ಅಂತ ನೋಡು. ಏನೂ ಇಲ್ವಾ? ಒಂದನೇ ದರ್ಜೆ. ಈಗ ಕೆಳಗೆ ನೋಡಬೇಡ, ನೀನು ಬಿದ್ರೆ ಯಾವ ದರ್ಜೆ ಅಂತ ನಂಗೂ ಗೊತ್ತಿಲ್ಲ.”

ನಾವಿಬ್ಬರೂ ಕೊನೆಯದಾಗಿ ಹೋದ ಡಿಪೋದಲ್ಲಿ ಅಕ್ಕಪಕ್ಕ ಎರಡು ಟ್ಯಾಂಕು. ತುಂಬಿ ಉಕ್ಕುವ ಮೊದಲೇ ಕೂಗಬೇಕಾದ ಅಲಾರಂ ಎರಡರಲ್ಲೂ ಕೆಟ್ಟಿತ್ತು. ಅಲ್ಲಿನ ಮೇಲ್ವಿಚಾರಕ, “ರಿಪೇರಿಗೆ ಹೇಳಿದ್ದೀವಿ ಸಾರ್, ಆಯ್ತು ಅಂತಲೇ ಅಂದ್ಕೊಳ್ಳಿ” ಎಂದ. “ಅಂದ್ಕೊಂಡ್ರೆ ಅದು ಕೂಗುತ್ತೇನಪ್ಪ?” ಎಂದು ಸಾರ್ ಎರಡಕ್ಕೂ ಒಂದನೇ ದರ್ಜೆ ಹಾಕಿದರು.

ಆಮೇಲೆ ನಮ್ಮ ಆಫೀಸಿನ ಪದ್ಧತಿ. ವಾರದ ಕೊನೆಗೆ ಎಲ್ಲರೂ ಚಹಾ ಕುಡಿಯುತ್ತ ದರ್ಜೆಗಳನ್ನು ನೋಡುವುದು. ಗ್ರಾಹಕರು ರಿಪೇರಿ ಮಾಡಿಸುತ್ತೇವೆ ಎಂದು ಮಾತು ಕೊಟ್ಟರೆ ಒಂದು ದರ್ಜೆ ಇಳಿಸುವುದು. ಮಾಡಿಸಬೇಕಿಲ್ಲ — ಮಾಡಿಸುತ್ತೇವೆ ಎಂದರೆ ಸಾಕು. ಮ್ಯಾನೇಜರ್ ಸಾರ್, ನೀವು ಹೇಳಿದ್ದು ನನಗೆ ನೆನಪಿದೆ. “ಡಿಪೋ ನಿಲ್ಲಿಸಿದ್ರೆ ಅವರು ಬೇರೆ ಕಂಪನಿಗೆ ಹೋಗ್ತಾರೆ ಕಣ್ರೀ. ಎರಡಕ್ಕೆ ಇಳಿಸಿ.” ಸಾರ್ ಕೇಳಿದರು, “ಇಳಿಸಿದ್ದೀವಿ ಅಂತ ಪೆಟ್ರೋಲ್‌ಗೂ ತಿಳಿಸ್ತೀರಾ?” ಎಲ್ಲರೂ ನಕ್ಕರು. ದರ್ಜೆ ಇಳಿಯಿತು.

ಎರಡನೇ ದರ್ಜೆಯಾದರೆ ಗಡುವು ಮುಗಿಯುವವರೆಗೆ ಮರುತಪಾಸಣೆ ಇಲ್ಲ. ಅದಕ್ಕೇ ಸಾರ್ ರಜೆಯ ದಿನ ತಾವಾಗಿಯೇ ಹೋದರು. “ಒಂದ್ಸಲ ಕಣ್ಣಾಡಿಸ್ಕೊಂಡು ಊಟದ ಹೊತ್ತಿಗೆ ಬಂದ್ಬಿಡ್ತೀನಿ” ಎಂದು ಅಕ್ಕನಿಗೆ ಹೇಳಿದ್ದರಂತೆ. ಅವರು ಮೊದಲ ಟ್ಯಾಂಕಿನ ಬಳಿ ನಿಂತಿದ್ದಾಗ ಅದು ತುಂಬಿ ಉಕ್ಕಿತು. ಅಲಾರಂ ಕೂಗಲಿಲ್ಲ. ಪೆಟ್ರೋಲ್ ಆವಿಗೆ ಎಲ್ಲಿಂದಲೋ ಕಿಡಿ ತಗುಲಿತು — ಮುಂದಿನದನ್ನು ಮಕ್ಕಳ ಎದುರು ಹೇಳಲಾರೆ.

ನಮ್ಮ ನೋಟಿಸ್ ಬೋರ್ಡಿನಲ್ಲಿ ಏನು ಹಾಕಿದ್ದೀರಿ? ‘ಅನಧಿಕೃತ ಭೇಟಿಯ ವೇಳೆ ನಿಧನ.’ ಅಧಿಕೃತವಾಗಿ ಹೋಗಲು ದಾರಿಯೇ ಇಲ್ಲದಂತೆ ಮಾಡಿದವರು ಯಾರು? ಇಲ್ಲಿ ನನಗಿಂತ ಮೊದಲು ಮಾತಾಡಿದವರೆಲ್ಲ ಕರ್ತವ್ಯನಿಷ್ಠೆ, ಕರ್ತವ್ಯನಿಷ್ಠೆ ಎಂದು ಹೊಗಳಿದಿರಿ. ಅವರು ಬದುಕಿದ್ದಾಗ ಅದೇ ನಿಷ್ಠೆ ನಿಮಗೆ ತಲೆನೋವಾಗಿತ್ತು.

ಈಗ ಎರಡನೇ ಟ್ಯಾಂಕಿನ ಮಾತು. ನಡುವೆ ಗೋಡೆ ಇದ್ದುದರಿಂದ ಅದು ಉಳಿದುಕೊಂಡಿದೆ. ನಿನ್ನೆಯಿಂದ ಅದಕ್ಕೆ ಮತ್ತೆ ಪೆಟ್ರೋಲ್ ತುಂಬುತ್ತಿದ್ದಾರೆ. ಅದರ ಅಲಾರಂ ಇವತ್ತಿಗೂ ಕೆಟ್ಟೇ ಇದೆ, ನಮ್ಮ ಲೆಕ್ಕದಲ್ಲಿ ಇವತ್ತಿಗೂ ಎರಡನೇ ದರ್ಜೆ. ನಾವು ಇಲ್ಲಿ ಕೂತಿರುವಾಗ ಅಲ್ಲಿ ಯಾರೋ ಪೈಪ್ ಜೋಡಿಸುತ್ತಿದ್ದಾರೆ. ಅವರಿಗೂ ಮನೆಯಲ್ಲಿ ಯಾರಾದರೂ ಇರುತ್ತಾರೆ. ಮ್ಯಾನೇಜರ್ ಸಾರ್, ಅದನ್ನು ನಿಲ್ಲಿಸಿ ಎಂದು ಬೆಳಿಗ್ಗೆ ನಿಮ್ಮನ್ನೇ ಕೇಳಿದೆ. “ದುಃಖದ ದಿನ, ಇವತ್ತು ಅದೆಲ್ಲ ಬೇಡಮ್ಮ” ಎಂದಿರಿ.

ಹಾಗಾದರೆ ಯಾವತ್ತು?

ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ಮ್ಯಾನೇಜರ್ ಸಾರ್, ಫೋನ್ ನಿಮ್ಮ ಕೈಯಲ್ಲೇ ಇದೆ. ಡಿಪೋದವರಿಗೆ ಹೇಳಬೇಕಾದದ್ದು ಇಷ್ಟೇ — ಒಂದನೇ ದರ್ಜೆ, ನಿಲ್ಲಿಸಿ. ನೀವು ಅದನ್ನು ಹೇಳಿ ಮುಗಿಸುವವರೆಗೆ ನಾವು ಮೌನವಾಗಿ ನಿಂತಿರುತ್ತೇವೆ.