ಸುಮ್ಮನೆ ಮನೆಯಲ್ಲಿರುವವಳು

ಗಡಿಯಾರದ ಮೇಲೇ ಕಣ್ಣಿಟ್ಟು ಕೂತಿರುವ ಅಧ್ಯಕ್ಷರಾದ ಪಳನಿಯಪ್ಪನ್ ಅವರೇ, ಎರಡೆರಡು ಬಸ್ಸು ಬದಲಿಸಿ ಬಂದಿರುವ ಅತಿಥಿಗಳೇ, ಒಗ್ಗರಣೆಯ ವಾಸನೆ ಬಂದರೂ ಕುರ್ಚಿ ಬಿಡದ ಸಭಿಕರೇ,

ತಮಿಳು ಸೀಮೆಯ ಹರೂರಿನ ನಮ್ಮ ಕನ್ನಡ ಸಂಘದ ಈ ವಾರ್ಷಿಕೋತ್ಸವದಲ್ಲಿ, ಕಾರ್ಯದರ್ಶಿ ಕೃಷ್ಣಪ್ಪನಾದ ನನಗೆ ಕೊಟ್ಟ ವಿಷಯ 'ಮನೆ ನಡೆಸುವ ಹೆಣ್ಣಿಗೆ ಹಿರಿಯರು ಇಟ್ಟ ಹೆಸರುಗಳು'. ಆರಿಸಿದ್ದು ಅಧ್ಯಕ್ಷರು. ನಮ್ಮ ಮನೆಯ ಸುದ್ದಿ ಅವರ ಕಿವಿಗೆ ಯಾರು ಹಾಕಿದರೋ ತಿಳಿಯದು.

ಹೆಸರುಗಳಿಗೇನು ಬರವೇ? ಗೃಹಿಣಿ ಎಂದರು, ಮನೆಯೊಡತಿ ಎಂದರು, ಯಜಮಾನಿ ಎಂದರು. ತಮಿಳಿನವರು ಇಲ್ಲತ್ತರಸಿ, ಅಂದರೆ ಮನೆಯ ರಾಣಿ, ಎಂದರು. ಹನ್ನೆರಡು ದಿನದ ಹಿಂದೆ ಇವುಗಳಲ್ಲಿ ಒಂದಾದರೂ ನನ್ನ ಬಾಯಿಗೆ ಬರಬಾರದಿತ್ತೇ?

ಅಂದು ಸರ್ಕಾರದ ಕಡೆಯಿಂದ ಮನೆಮನೆಯ ವಿವರ ಬರೆದುಕೊಳ್ಳಲು ಚಂದ್ರಿಕಾ ಎಂಬ ಹುಡುಗಿ ಬಂದಳು. ನಿಮ್ಮ ಮನೆಯವರಿಗೆ ಏನು ಕೆಲಸ ಎಂದು ಕೇಳಿದಳು. "ಏನೂ ಇಲ್ಲಮ್ಮ, ಸುಮ್ನೆ ಮನೇಲಿ ಔಳೆ" ಎಂದೆ.

ಒಳಗೆ ನನ್ನ ಮನೆಯಾಕೆ ಸಿದ್ದಲಕ್ಷ್ಮಮ್ಮ ಮುದ್ದೆ ತೊಳಸುತ್ತಿದ್ದಳು. ಕೋಲು ಕೆಳಗಿಟ್ಟು ಬಂದು ಜಗಲಿಯ ಮೇಲೆ ಕೂತಳು. "ಇವತ್ತಿಂದ ಸುಮ್ನೇ ಇರ್ತೀನಿ. ಸರ್ಕಾರದ ಲೆಕ್ಕ ನನ್ನಿಂದ ತಪ್ಪಾಗೋದು ಬ್ಯಾಡ" ಎಂದಳು.

ಸಭಿಕರೇ, ಮೂವತ್ತು ವರ್ಷ ಈ ಸಂಘ ನಡೆಸಿದವನು ನಾನು. ಗ್ಯಾಸ್ ಮುಗಿದಾಗ ಯಾರಿಗೆ ಫೋನ್ ಮಾಡಬೇಕೆಂದು ತಿಳಿಯಲಿಲ್ಲ. ನಾನು ಮಾಡಿದ ಮುದ್ದೆಯನ್ನು ನಾಯಿ ಮೂಸಿ ನೋಡಿ ನನ್ನ ಮುಖ ನೋಡಿತು.

ಹೆಸರುಗಳನ್ನು ಪ್ರಯೋಗಿಸಿದೆ. ಗೃಹಿಣಿ ಎಂದೆ. "ಅದ್ಯಾರು, ಪಕ್ಕದ್ಮನೆಯೋಳಾ?" ಎಂದಳು. ಇಲ್ಲತ್ತರಸಿ ಎಂದೆ. "ಅರಸಿ ಎಲ್ಲಾನಾ ಕಸ ಗುಡಿಸ್ತಾಳಾ?" ಎಂದಳು. ಮಹಾಲಕ್ಷ್ಮಿ ಎಂದೆ. "ಪಟದಾಗೆ ನೋಡು, ಆಯಮ್ಮ ಕೂತೇ ಔಳೆ" ಎಂದಳು.

ಇದಕ್ಕೆ ನೀವು ನಗಬಹುದು. ನನಗೆ ಅಳು ಬಂದದ್ದು ನಮ್ಮ ಕುರಿಹಟ್ಟಿಯಲ್ಲಿ. ಒಂದು ಮರಿಯನ್ನು ತಾಯಿ ಹತ್ತಿರ ಸೇರಿಸುತ್ತಿರಲಿಲ್ಲ, ಒದೆಯುತ್ತಿತ್ತು. ಹಾಲಿನ ಬಾಟಲಿ ಹಿಡಿದರೆ ಮರಿ ನನ್ನ ಕೈಯಿಂದ ಕುಡಿಯಲೊಲ್ಲದು. ಸತ್ತೇ ಹೋಗುತ್ತದೆ ಎಂದುಕೊಂಡು ಉಳಿದ ಕುರಿಗಳನ್ನು ಮೇಯಿಸಲು ಹೊಡೆದುಕೊಂಡು ಹೋದೆ. ಸಂಜೆ ಬಂದರೆ ಮರಿಯ ಹೊಟ್ಟೆ ಗಡಿಗೆಯಂತೆ! ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಜಗಲಿಯಲ್ಲಿ ಕೂತವಳು ಕೂತಲ್ಲೇ ಇದ್ದಳು. ಸೆರಗಿನ ತುಂಬ ಮಾತ್ರ ಮರಿಯ ಕೂದಲು. ಕೇಳುವ ಮುಖ ನನಗೆಲ್ಲಿತ್ತು?

ನಿನ್ನೆ ಚಂದ್ರಿಕಾಗೆ ಫೋನ್ ಮಾಡಿ ತಿದ್ದಿಕೋ ಎಂದೆ. ಹಾಗಾದರೆ ಏನು ಕೆಲಸ ಎಂದಳು. ಹೇಳುತ್ತಾ ಹೋದೆ. ಅಡುಗೆ, ಹಟ್ಟಿ, ನೀರು, ಮದ್ದು, ನೆಂಟರ ಮುನಿಸು... "ಪೋದುಂ ಅಣ್ಣಾ, ಸಾಕು! ಇರೋದೇ ಒಂದು ಕಾಲಂ" ಎಂದಳು. "ಹಂಗಾದ್ರೆ ಔಳ ಕಾಲಂನಾಗೆ ಯಜಮಾನಿ ಅಂತ ಬರಿ. ಆ 'ಸುಮ್ನೆ ಮನೇಲಿ' ಅನ್ನೋದನ್ನ ನನ್ನ ಹೆಸರಿನ ಮುಂದೆ ಹಾಕು" ಎಂದೆ.

ಮನೆಯಲ್ಲಿ ಇದನ್ನು ಹೇಳಲು ಧೈರ್ಯ ಸಾಲಲಿಲ್ಲ. ಮೈಕ್ ಸಿಕ್ಕಿತು, ಹೇಳಿದೆ. ಮೂರನೇ ಸಾಲಿನಲ್ಲಿ ಗೋಡೆ ನೋಡುತ್ತಾ ಕೂತಿದ್ದವಳು ಈಗ ಇತ್ತ ತಿರುಗಿದ್ದಾಳೆ. ಸಾಕು, ಇಳಿ ಎಂದು ಕೈ ಮಾಡುತ್ತಿದ್ದಾಳೆ. ಹನ್ನೆರಡು ದಿನದಲ್ಲಿ ನನಗೆ ಸಿಕ್ಕ ಮೊದಲ ಅಪ್ಪಣೆ ಇದು. ಅಧ್ಯಕ್ಷರ ಗಂಟೆಯನ್ನಾದರೂ ಮೀರಿಯೇನು, ಇದನ್ನು ಮೀರಲಾರೆ. ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ಇಳಿಯುತ್ತಿದ್ದೇನೆ, ನಮಸ್ಕಾರ.