ಆ ವಾರ ಅವಳು ಬಾಯಿ

ಸಭೆಯ ಅಧ್ಯಕ್ಷರೇ, ಅತಿಥಿಗಳಾಗಿ ಬಂದಿರುವ ಮಕ್ಕಳ ಡಾಕ್ಟರೇ, ನಮ್ಮ ಶಿಶುವಿಹಾರದ ಟೀಚರ್ ಅವರೇ, ಮುಂದಿನ ಎರಡು ಸಾಲುಗಳಲ್ಲಿ ಕಾಲು ನೆಲಕ್ಕೆ ತಾಗದೆ ಕುಳಿತಿರುವ ಇಂದಿನ ನಿಜವಾದ ಗಣ್ಯರೇ, ಅವರ ಹಿಂದೆ ಮೊಬೈಲ್ ಎತ್ತಿ ಹಿಡಿದಿರುವ ಸಭಿಕರೇ,

ವೇದಿಕೆ ಹತ್ತಿದ ಕೂಡಲೇ ಡಾಕ್ಟರು ನನ್ನ ಮುಖ ನೋಡಿ, "ಕಾಡಿಗೆ ಹರಡಿದೆಯಮ್ಮಾ" ಎಂದು ಕರವಸ್ತ್ರ ಕೊಟ್ಟರು. ಡಾಕ್ಟರೇ, ಅದು ಕಾಡಿಗೆಯಲ್ಲ, ನಿದ್ದೆ. ಹನ್ನೊಂದು ದಿನದ್ದು ಬಾಕಿಯಿದೆ. ಆದ್ದರಿಂದ ನನ್ನ ಮಾತು ಅಲ್ಲಲ್ಲಿ ದಾರಿ ತಪ್ಪಿದರೆ ದಯವಿಟ್ಟು ಮನ್ನಿಸಬೇಕು.

'ಪುಟ್ಟ ಮಕ್ಕಳ ಕಲಿಕೆಯಲ್ಲಿ ಡಿಜಿಟಲ್ ತಂತ್ರಜ್ಞಾನ' ಎಂಬ ವಿಷಯದ ಬಗ್ಗೆ ಪೋಷಕರ ಪರವಾಗಿ ನಾಲ್ಕು ಮಾತು ಆಡಬೇಕೆಂದು ನನಗೆ ಹೇಳಿದ್ದಾರೆ. ಡಿಗ್ರಿ ಓದಿದವಳು, ಚೆನ್ನಾಗಿ ಮಾತಾಡುತ್ತಾಳೆ ಎಂದು ನನ್ನನ್ನು ಆರಿಸಿದರಂತೆ. ಚೆನ್ನಾಗಿ ಮಾತಾಡುವುದೇ ನನ್ನ ಕಾಯಿಲೆ ಎಂದು ಅವರಿಗೆ ಆಗ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಮನೆಯಲ್ಲಿ ಎಲ್ಲರಿಗೂ ಅವಳು ಚಿನಕುರಳಿ. ಹನ್ನೊಂದು ದಿನದ ಹಿಂದೆ ಅವಳನ್ನು ದೊಡ್ಡ ಶಾಲೆಯೊಂದಕ್ಕೆ ಪ್ರವೇಶ ಪರೀಕ್ಷೆಗೆ ಕರೆದೊಯ್ದೆವು. ನಾಲ್ಕೂವರೆ ವರ್ಷದ ಮಗುವಿಗೆ ಎಂಥ ಪರೀಕ್ಷೆ ಎಂದು ಕೇಳುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ? ನನಗಂತೂ ಇರಲಿಲ್ಲ. ಗಾಜಿನ ಕೋಣೆಯಲ್ಲಿ ಒಂದು ಪುಟ್ಟ ಮೇಜು, ಮೇಜಿನ ಮೇಲೆ ಟ್ಯಾಬ್ಲೆಟ್, ಎದುರಿಗೆ ಪರೀಕ್ಷೆ ಮಾಡುವ ಮೇಡಂ. ಪರದೆಯ ಮೇಲಿನ ಬಣ್ಣದ ಚೆಂಡುಗಳನ್ನು ಆಯಾ ಬಣ್ಣದ ಬುಟ್ಟಿಗೆ ಎಳೆದು ಹಾಕಬೇಕು, ಅಷ್ಟೇ. ನನ್ನ ಮಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಳು. ಟ್ಯಾಬ್ಲೆಟ್ಟಿಗೆ ಬೆರಳೂ ತಾಗಿಸಲಿಲ್ಲ. "ಕೆಂಪು ಚೆಂಡು ಕೆಂಪು ಬುಟ್ಟಿಗೆ. ಹಾಕು. ಈಗ ಹಳದಿ. ಹಾಕು ಅಂದ್ನಲ್ಲ!" ಎಂದು ಗಾಳಿಗೆ ಅಪ್ಪಣೆ ಕೊಡುತ್ತಿದ್ದಳು. ಹತ್ತಕ್ಕೆ ಸೊನ್ನೆ ಬಂತು. ಕೆಳಗೆ ಮೇಡಂ ಬರೆದರು: 'ಸ್ಪಂದನೆ ಇಲ್ಲ. ಒಂದು ವರ್ಷ ಕಾಯುವುದು ಸೂಕ್ತ.'

ಮನೆಗೆ ಬಂದು ಗಂಡನ ಫೋನ್ ಕೊಟ್ಟು ನೋಡಿದೆ. ಮತ್ತೆ ಕೈ ಹಿಂದಕ್ಕೆ ಹೋಯಿತು. "ನೀನೇ ಮುಟ್ಟು ಪುಟ್ಟಾ" ಎಂದರೆ, "ಮುಟ್ಟಬಾರದು, ಅಮ್ಮ" ಎಂದು ನನಗೇ ಬುದ್ಧಿ ಹೇಳಿದಳು. ಯಾರೋ ಹೊಡೆದು ಹೆದರಿಸಿದ್ದಾರೆಯೇ? ಬೆರಳಿನ ನರಕ್ಕೆ ಏನಾದರೂ ಆಗಿದೆಯೇ? ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನೆಗಡಿಗೂ ಒಂದು ಭಯಂಕರ ಹೆಸರು ಸಿಗುತ್ತದೆ. ನನಗೆ ಹದಿನಾಲ್ಕು ಹೆಸರು ಸಿಕ್ಕವು.

ಮರುದಿನ ಜಗಳಕ್ಕೆಂದೇ ಇಲ್ಲಿಗೆ, ಅವಳ ಶಿಶುವಿಹಾರಕ್ಕೆ ಬಂದೆ. ಟೀಚರ್, ನೀವು ಅದನ್ನು ಮರೆತಂತೆ ನಟಿಸುತ್ತೀರಿ, ನಾನು ಮರೆತಿಲ್ಲ. ಚಪ್ಪಲಿ ಬಿಡುತ್ತಾ ತರಗತಿಯ ಒಳಗೆ ನೋಡಿದೆ. ಒಂದು ಟ್ಯಾಬ್ಲೆಟ್, ಅದರ ಸುತ್ತ ಮೂರು ಮಕ್ಕಳು. ಮೂವರ ಕೊರಳಲ್ಲೂ ದಾರಕ್ಕೆ ಕಟ್ಟಿದ ರಟ್ಟಿನ ಬಿಲ್ಲೆ. ಒಂದರ ಮೇಲೆ ಕೈ, ಒಂದರ ಮೇಲೆ ಕಣ್ಣು, ಒಂದರ ಮೇಲೆ ಬಾಯಿ. ಪರದೆಯ ಮೇಲೆ ಒಂದು ಇರುವೆ. ಅದನ್ನು ಸಕ್ಕರೆಯ ಹತ್ತಿರ ಕೊಂಡೊಯ್ಯಬೇಕು. ಬಾಯಿ ಆದವರು ದಾರಿ ಹೇಳಬೇಕು, ಮುಟ್ಟುವಂತಿಲ್ಲ. ಆಸೆ ತಡೆಯಲು ಕೈ ಬೆನ್ನ ಹಿಂದೆ. ಕೈ ಆದವರು ಹೇಳಿದಷ್ಟೇ ಒತ್ತಬೇಕು. ಕಣ್ಣು ಆದವರು ಇಬ್ಬರ ತಪ್ಪನ್ನೂ ಹಿಡಿಯಬೇಕು. ಸೋಮವಾರ ಸೋಮವಾರ ಬಿಲ್ಲೆಗಳು ಬದಲಾಗುತ್ತವೆ.

ನನ್ನ ಚಿನಕುರಳಿ ಕೈ ಕಟ್ಟಿ ಕೂತು ಹೇಳುತ್ತಿದ್ದಳು: "ಎರಡು ಹೆಜ್ಜೆ ಮುಂದೆ. ಈಗ ಬಲಕ್ಕೆ. ಅಯ್ಯೋ ಅದು ಎಡ ಕಣೋ!"

ಆ ವಾರ ಅವಳು ಬಾಯಿ. ಅಷ್ಟೇ ಕಥೆ. ಗಾಜಿನ ಕೋಣೆಯಲ್ಲೂ ಅವಳು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿದ್ದಳು. ಒತ್ತದೆ ಇದ್ದದ್ದು ಮೇಡಂ!

ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ, "ಈ ಮನೇಲಿ ಬಾಯಿಗೇನು ಕಡಿಮೆ ಇತ್ತಾ? ಒಂದು ಕೈ ಕಲಿಸಿ ಕಳಿಸಿದ್ರೆ ಪಾತ್ರೆ ತೊಳೆಯೋಕಾದ್ರೂ ಆಗ್ತಿತ್ತು" ಎಂದರು.

ಇನ್ನೇನು ಕಲಿಸಲಿ ಎಂದು ಟೀಚರ್ ಅವರನ್ನು ಕೇಳಿದ್ದೆ. "ಏನೂ ಕಲಿಸಬೇಡಿ. ದಿನಕ್ಕೆ ಹತ್ತು ನಿಮಿಷ ಅವಳಿಗೆ ಕೈ ಆಗಿ" ಎಂದರು. ಇದೇನು ಮಹಾ ಎಂದು ಫೋನಿನಲ್ಲಿ ಅದೇ ಇರುವೆಯ ಆಟ ತೆರೆದು ಕೂತೆ. ಮಗಳು ಪರದೆಯನ್ನು ನೋಡಿ ಯೋಚಿಸುತ್ತಿದ್ದಳು. ನನ್ನ ಬೆರಳು ಆಗಲೇ ಇರುವೆಯನ್ನು ಸಕ್ಕರೆಗೆ ಮುಟ್ಟಿಸಿತ್ತು.

"ಅಮ್ಮಾ! ನಾನಿನ್ನೂ ಹೇಳೇ ಇಲ್ಲ!"

ಸಭಿಕರೇ, ಅವಳ ಆ ಮಾತು ಕೇಳಿ: 'ನಾನಿನ್ನೂ ಹೇಳೇ ಇಲ್ಲ.' ಈ ಡಾಕ್ಟರ ಬಳಿ ಹೋದಾಗ ಅವರು ಪ್ರತಿ ಸಲವೂ ಮಗುವನ್ನೇ ಕೇಳುತ್ತಾರೆ, "ಎಲ್ಲಿ ನೋವು ಪುಟ್ಟಿ?" ಪ್ರತಿ ಸಲವೂ ಯಾರು ಉತ್ತರ ಕೊಡುತ್ತಾರೆ, ಡಾಕ್ಟರೇ? ನಾನು. ದಾರಿಯಲ್ಲಿ ಯಾರಾದರೂ ಅವಳ ಹೆಸರು ಕೇಳಿದರೆ? ನಾನು. ಅಂಗಡಿಯಲ್ಲಿ ಅವಳಿಗೆ ಯಾವ ಬಣ್ಣದ ಬಲೂನು ಇಷ್ಟ? ಅದೂ ನಾನೇ.

ಇದು ಇಲ್ಲಿ ಹೇಳುವ ಮಾತಲ್ಲ, ಆದರೂ ಬಾಯಿಗೆ ಬಂತು. ನನ್ನ ಕಾಲೇಜು ಫಾರಂ ತುಂಬಿದವರು ನಮ್ಮ ಅಪ್ಪ. ವಿಷಯವನ್ನು ಆರಿಸಿದವರೂ ಅವರೇ. ಪ್ರೀತಿಯಿಂದಲೇ ಆರಿಸಿದರು, ಅದರಲ್ಲಿ ಸಂಶಯವಿಲ್ಲ. ಪೆನ್ನು ಕೊಟ್ಟು, "ಇಲ್ಲಿ ಸಹಿ ಹಾಕಮ್ಮ" ಎಂದರು. ಹಾಕಿದೆ. ಆ ಫಾರಂ ಓದಿದ್ದೆನೇ ಎಂಬುದು ಕೂಡ ಈಗ ನೆನಪಿಲ್ಲ. ಬಾಯಿಯ ಬಿಲ್ಲೆ ನನಗೆ ಸಿಕ್ಕಿದ್ದು ತಾಯಿಯಾದ ಮೇಲೆ. ಸಿಕ್ಕಿದ್ದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಸುಲಭವೇ?

ಇರಲಿ, ವಿಷಯಕ್ಕೆ ಬರುತ್ತೇನೆ. ಮಕ್ಕಳ ಕೈಗೆ ಪರದೆ ಕೊಡಬೇಕೋ ಬೇಡವೋ ಎಂಬ ಚರ್ಚೆಗೆ ತೀರ್ಪು ಕೊಡುವಷ್ಟು ನಾನು ತಿಳಿದವಳಲ್ಲ. ಪರದೆ ಹಿಡಿದ ಮಗುವಿನ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು, ಆ ಇನ್ನೊಬ್ಬರು ಸ್ವಲ್ಪ ಕಾಯಬೇಕು ಎಂಬುದಷ್ಟೇ ನನಗೆ ತಿಳಿದದ್ದು.

ಟೀಚರ್ ಆ ಶಾಲೆಗೆ ಪತ್ರ ಬರೆದರು. ಈ ಸೋಮವಾರ ಮರುಪರೀಕ್ಷೆ. ಮೊನ್ನೆ 'ಕೈ' ಬಿಲ್ಲೆಯನ್ನೂ ಮನೆಗೆ ಕಳಿಸಿದ್ದಾರೆ. ಅದನ್ನು ಕೊರಳಿಗೆ ಹಾಕುತ್ತಾ ಮಗಳನ್ನು ಕೇಳಿದೆ, "ಅಲ್ಲಿ ಬಾಯಿ ಯಾರೂ ಇರಲ್ಲ. ಏನ್ ಮಾಡ್ತೀಯ?"

ಹೇಳಿಕೊಡಲು ಬಾಯಿ ತೆರೆದಿದ್ದೆ. ಮುಚ್ಚಿದೆ. ಕಾದೆ. ಬಹಳ ಹೊತ್ತು ಹಿಡಿಯಿತು.

"ಬಾಯಿನೂ ನಾನೇ. ಮೆತ್ತಗೆ ಹೇಳ್ಕೊಂಡು ಒತ್ತೀನಿ. ಕಣ್ಣು ಆ ಆಂಟಿಗೆ ಕೊಡ್ತೀನಿ."

"ಮತ್ತೆ ನಾನು?"

"ಬಿಲ್ಲೆ ಮೂರೇ ಇರೋದು, ಅಮ್ಮ. ನೀನು ಹೊರಗೆ ಕೂತ್ಕೋ."

ಸೀಟು ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಪರೀಕ್ಷೆ ಮುಗಿದ ರಾತ್ರಿಯೂ ನಿದ್ದೆ ಬರುತ್ತದೆಂಬ ಭರವಸೆಯಿಲ್ಲ. ಆದರೆ ಸೋಮವಾರ ಆ ಗಾಜಿನ ಕೋಣೆಯ ಹೊರಗೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕುಳಿತ ಹೆಂಗಸೊಬ್ಬಳು ಕಂಡರೆ, ಅದು ನಾನೇ.

ಜಗಳಕ್ಕೆ ಬಂದವಳನ್ನು ಕೂರಿಸಿ ನೀರು ಕೊಟ್ಟ ಟೀಚರ್ ಅವರಿಗೆ, ಕರವಸ್ತ್ರ ಕೊಟ್ಟ ಡಾಕ್ಟರಿಗೆ, ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮ್ಮೆಲ್ಲರಿಗೂ ನಾನು ಋಣಿ. ಈಗಲೂ ನನ್ನ ಕೈಗಳು ಬೆನ್ನ ಹಿಂದೆಯೇ ಇವೆ, ಎರಡನೇ ಸಾಲಿನಿಂದ ಒಬ್ಬಳು ಕಣ್ಣಿಟ್ಟು ಕಾಯುತ್ತಿದ್ದಾಳೆ. ಇದೊಂದಕ್ಕೆ ಮಾತ್ರ ಅವುಗಳನ್ನು ಮುಂದೆ ತರಲು ಅವಳನ್ನು ಕೇಳಿಕೊಂಡೇ ಬಂದಿದ್ದೇನೆ.

ನಮಸ್ಕಾರ.